ಫ್ರಾನ್ಸಿನ ಬಟ್ಟೆ ಹಳೆಯದಾದದ್ದು

ಮಗಳು ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಅವಳ ಗೆಳತಿಯೊಬ್ಬಳು ಫ್ರಾನ್ಸ್ ಪ್ರವಾಸ ಮುಗಿಸಿ ಬರುವಾಗ ಅವಳಿಗೆಂದು ಹತ್ತಿ ಬಟ್ಟೆ ತಂದಿದ್ದಳು. ಅರಿಸಿನ ಬಣ್ಣದ ಮೈ, ಅದರ ತುಂಬ ನೀಲಿ ಹೂವು, ಸಣ್ಣ ಸಣ್ಣ ಎಲೆ. ಆ ದೇಶದ ದಕ್ಷಿಣ ಸೀಮೆಯಲ್ಲಿ ತಲೆತಲಾಂತರದಿಂದ ಇಂಥ ಅಚ್ಚು ಹಾಕುತ್ತಾರಂತೆ. ಮಗಳು ಆಗ ಬಸುರಿ. ಬಟ್ಟೆಯನ್ನು ಅಫಜಲಪುರದ ನಮ್ಮ ಮನೆಗೆ ಕಳಿಸಿ ಫೋನಿನಲ್ಲಿ ಹೇಳಿದಳು:

"ಕಿಟಕಿಗಿ ಪರದಾ ಹೊಲಿಯವ್ವ, ದಿಂಬಿಗಿ ಕವರ್ ಮಾಡು. ಉಳದಿದ್ದು ಕೂಸಿನ ಕೌದಿಗಿ. ಹಳೇ ಸೀರಿ ಚಿಂದಿ ಬ್ಯಾಡ."

ಪರದೆ, ದಿಂಬಿನ ಕವರ್ ನನಗೆ ಲೆಕ್ಕಕ್ಕಿಲ್ಲದ ಕೆಲಸ. ಮಷೀನು ತುಳಿಯುತ್ತ ಕೂತರೆ ಊಟದ ನೆನಪೂ ಇರುವುದಿಲ್ಲ. ಎರಡು ಪರದೆಗಳಲ್ಲೂ ಹೂವಿನ ಸಾಲು ಒಂದೇ ಮಟ್ಟಕ್ಕೆ ಬಂದಾಗ ಬೀಗಿದೆ. ನೋಡಿ ಹೊಗಳಲು ಯಾರೂ ಇರಲಿಲ್ಲ ಅಷ್ಟೆ. ಆದರೆ ಕೌದಿ ಮಾತ್ರ ಅತ್ತೆಯ ಕೆಲಸ. ಈ ಮನೆಯ ಕೂಸುಗಳೆಲ್ಲ ಮಲಗಿದ್ದು ಅವರು ಹಳೆ ಸೀರೆಗಳ ಪದರು ಹಾಕಿ ಕೈಯಲ್ಲಿ ಹೊಲಿದ ಕೌದಿಗಳ ಮೇಲೆಯೇ.

ಅತ್ತೆ ಉಳಿದ ಬಟ್ಟೆ ಮುಟ್ಟಿ ನೋಡಿ ಬದಿಗಿಟ್ಟರು.

"ಇದು ಇನ್ನ ಯಾರ ಮೈನೂ ಕಂಡಿಲ್ಲ. ಹಸಗೂಸಿಗಿ ಹೆಂಗ ಹಾಸ್ತಿ?"

"ಎರಡ ಸಲ ಒಗದ್ರ ಮೆತ್ತಗಾಗ್ತದ್ರಿ, ಅತ್ತಿ."

"ಒಗದ್ರ ಸ್ವಚ್ಛ ಆಗ್ತದ, ಹಳೇದ ಆಗಂಗಿಲ್ಲ."

ನನಗೆ ರೇಗಿತು. ಮರುದಿನ ಬೆಳಿಗ್ಗೆ ನೋಡಿದರೆ ಆ ಬಟ್ಟೆ ಅತ್ತೆಯ ಹೆಗಲ ಮೇಲಿತ್ತು. ಅದನ್ನು ಹೊದ್ದೇ ರೊಟ್ಟಿ ಬಡಿದರು, ಹೊದ್ದೇ ಮಲಗಿದರು, ಹೊದ್ದೇ ಬಸ್ಸು ಹತ್ತಿ ಮಣ್ಣೂರಿನ ತಂಗಿಯ ಮನೆಗೂ ಹೋಗಿಬಂದರು. ಓಣಿಯವರು ಶಾಲು ಎಲ್ಲಿಯದೆಂದು ಕೇಳಿದರೆ, "ಫ್ರಾನ್ಸಿಂದು. ಹಳೇದು ಮಾಡಾಕತ್ತೇನಿ" ಅನ್ನುವರು. ಆಗಾಗ ತಾವೇ ಒಗೆದು ನೆರಳಿಗೆ ಒಣಹಾಕುವರು. ಮಗಳು ವಿಡಿಯೊ ಕಾಲ್ ಮಾಡಿದಾಗಲೆಲ್ಲ ಅತ್ತೆ ಕಾಣದ ಹಾಗೆ ನಾನು ಗೋಡೆಗೆ ಆತುಕೊಂಡು ಮಾತಾಡುತ್ತಿದ್ದೆ.

ಹೆರಿಗೆಗೆಂದು ಮಗಳು ಬಂದಳು. ಹೊಸ್ತಿಲಲ್ಲೇ ನಿಂತು ಅಜ್ಜಿಯ ಹೆಗಲು ನೋಡಿದಳು, ಜೋಳದ ಹಿಟ್ಟು ಹತ್ತಿದ ಅಂಚು ನೋಡಿದಳು.

"ಆಯಿ, ಅದು ನನ್ನ ಕೂಸಿಗಿ ಇಟ್ಟಿದ್ದು."

ಅತ್ತೆ ಬಟ್ಟೆ ತೆಗೆದು, ಮಡಚಿ, ನನ್ನ ಕೈಗಿಟ್ಟರು. "ತಗೋ ಬೇ, ಮಷೀನದಾಗ ಹೊಲಿ" ಅಂದು ಹಿತ್ತಲಿಗೆ ಹೋದರು. ಅವರ ಕೈಯ ಹೊಲಿಗೆ ಇಲ್ಲದೆ ಈ ಮನೆಯ ಕೂಸೊಂದು ಮಲಗುವುದು ಇದೇ ಮೊದಲಾಗುತ್ತಿತ್ತು. ಇಷ್ಟು ದಿನ ಸಿಡಿಮಿಡಿ ಅಂದಿದ್ದ ನನಗೇ ಸಂಕಟವಾಯಿತು.

ಬಟ್ಟೆಯನ್ನು ಮಂಚದ ಮೇಲಿಟ್ಟು ಚಹಾ ಮಾಡಲು ಹೋದೆ. ಬಸ್ಸಿನಲ್ಲಿ ಕೂತು ಕಾಲು ಬಾತಿದ್ದ ಮಗಳು ಅಲ್ಲೇ ಅಡ್ಡಾದಳು. ಚಹಾ ತರುವಷ್ಟರಲ್ಲಿ ಅದೇ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನಿದ್ದೆ ಹೋಗಿದ್ದಳು. ಚಿಕ್ಕವಳಿದ್ದಾಗ ಅಜ್ಜಿಯ ಸೆರಗನ್ನು ಹೀಗೆಯೇ ಹಿಡಿದು ಮಲಗುತ್ತಿದ್ದಳು. ಎದ್ದವಳು ನೇರ ಹಿತ್ತಲಿಗೆ ಹೋಗಿ ಮಡಿಕೆ ಬಿಚ್ಚಿ ಬಟ್ಟೆಯನ್ನು ಅಜ್ಜಿಗೆ ಹೊದಿಸಿದಳು.

"ಇನ್ನೊಂದಿಷ್ಟ ದಿನ ಹೊದಕೋ ಆಯಿ. ಟೈಮ್ ಅದ."

ಆ ಬಟ್ಟೆಯನ್ನೇ ಮಡಚಿ ಪದರು ಮಾಡಿ ಅತ್ತೆ ಕೌದಿ ಹೊಲಿದರು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರು ಇಡುತ್ತೇವೆ. ಅದನ್ನು ಮಗಳ ಕೈಯಿಂದಲೇ ಇಡಿಸಿದರು. ಈಗ ಮೊಮ್ಮಗಳು ಅದರ ಮೇಲೆ ಕೈಕಾಲು ಚಾಚಿ ಮಲಗುತ್ತಾಳೆ. ನನ್ನ ಪರದೆಗಳು ಕಿಟಕಿಯಲ್ಲಿ ಇನ್ನೂ ಸೆಟೆದುಕೊಂಡೇ ನಿಂತಿವೆ.

ಪರದೆ ಕತ್ತರಿಸಿದ ಮೇಲೆ ಹೆಗಲು ಮುಚ್ಚುವಷ್ಟು ಇನ್ನೊಂದು ತುಂಡು ಉಳಿದಿತ್ತು. ಮೊನ್ನೆ ಅತ್ತೆ ಅದನ್ನು ತಂದು ನನಗೆ ಹೊದಿಸಿದರು.

"ಮುಂದಿನ ಕೂಸಿಗಿ ಇರ್ಲಿ. ನಂದು ಆತು, ಇನ್ನ ನೀ ಹಳೇದು ಮಾಡು."

ಇವತ್ತು ಅದನ್ನು ಹೊದ್ದೇ ರೊಟ್ಟಿ ಬಡಿದೆ.