ರಾಜಮಾಬಿ ಕತ್ತರಿಸಿದ ಪ್ಯಾಕಿಂಗು

ಅಣ್ಣಿಗೇರಿಯಲ್ಲಿ ಗದಗ ರಸ್ತೆಗೆ ಮುಖ ಮಾಡಿದ ಫಕ್ರುಸಾಬನ ಮನೆಗೆ ಒಂದು ಅಗಲವಾದ ಕಟ್ಟೆ. ಆ ಕಟ್ಟೆಯೇ ಅವನ ಗ್ಯಾರೇಜು. ಮೇಲೆ ತಗಡು, ಕೆಳಗೆ ಹೊಟ್ಟೆ ಬಿಚ್ಚಿಕೊಂಡು ನಿಂತ ರಾಜದೂತು, ಯೆಜ್ದಿ ಮೋಟರುಸೈಕಲ್ಲುಗಳು. ಕಟ್ಟೆಗೂ ಮನೆಗೂ ನಡುವೆ ಗೋಣಿತಟ್ಟಿನ ಪರದೆ. ಪರದೆಯ ಆಚೆ ಗಂಡಸರು, ಬೀಡಿ, ಊರಿನ ರಾಜಕೀಯ. ಈಚೆ ಒಂದು ಹೊಲಿಗೆಯಂತ್ರ, ಅದರ ಮುಂದೆ ಅವನ ಹೆಂಡತಿ ರಾಜಮಾಬಿ. ಆಚೆಯವರಿಗೆ ಅವಳ ಗುರುತೆಂದರೆ ಆ ಯಂತ್ರದ ಸದ್ದು, ಮತ್ತೆ ಆಗಾಗ ಪರದೆಯ ಬುಡದಿಂದ ಹೊರಬರುವ ಚಹಾದ ತಾಟು.

ಅವಳ ತವರು ಯಮನೂರು. ಹೊಲಿಗೆ ಕಲಿಸಿದವಳು ಸೋದರತ್ತೆ ಜಮೀಲಾಬಿ. ಬಾಯಿ ಜೋರಿನ ಹೆಂಗಸು, ಕೈ ಮಾತ್ರ ಬಂಗಾರ. ಕುಬಸ ಕತ್ತರಿಸುವಾಗ ಗೆರೆಗೆ ಸರಿಯಾಗಿ ಕತ್ತರಿ ಆಡಿಸಿದರೆ ಜಮೀಲಾಬಿ ತಲೆಗೆ ಮೊಟಕುತ್ತಿದ್ದಳು. "ಒಳಗ ತುಸು ಅರಬಿ ಬಿಡಬೇ! ಹೆಣ್ಣಿನ ಮೈ ಇವತ್ತಿದ್ದಂಗ ನಾಳೆ ಇರ್ತದೇನು? ಬಿಚ್ಚಿ ಸಡಲ ಮಾಡಾಕ ಬರಬೇಕು." ರಾಜಮಾಬಿ ಕಲಿತಳು. ಒಳಗೆ ಬಿಡದೆ ಕತ್ತರಿಸುವ ದರ್ಜಿಗಳನ್ನು ಕಂಜೂಸರು ಎಂದು ಬೈಯುವುದನ್ನೂ ಜೊತೆಗೇ ಕಲಿತಳು.

ಮದುವೆಯಾಗಿ ಅಣ್ಣಿಗೇರಿಗೆ ಬಂದ ಹೊಸದರಲ್ಲಿ ಒಂದು ದಿನ ಕಟ್ಟೆಯ ಮೇಲೆ ಫಕ್ರುಸಾಬ ಯಾರನ್ನೋ ಕೆಟ್ಟದಾಗಿ ಬೈಯುತ್ತಿದ್ದುದು ಕೇಳಿಸಿತು. ಪರದೆ ಸರಿಸಿ ನೋಡಿದರೆ ಅಲ್ಲಿ ಯಾರೂ ಇಲ್ಲ, ಅವನು ಬೈಯುತ್ತಿದ್ದುದು ರಟ್ಟಿನ ತುಂಡನ್ನು. ಎಂಜಿನ್ನಿನ ಪಕ್ಕದ ಕವರು ಬಿಚ್ಚಿದಾಗಲೆಲ್ಲ ಕವರಿಗೂ ಎಂಜಿನ್ನಿಗೂ ನಡುವೆ ಕೂರುವ ತೆಳು ರಟ್ಟು, ಅಂದರೆ ಪ್ಯಾಕಿಂಗು, ಹರಿಯುತ್ತದೆ. ಅದಿಲ್ಲದೆ ಕವರು ಕೂರಿಸಿದರೆ ಎಣ್ಣೆ ಸೋರುತ್ತದೆ. ಹೊಸದು ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು, ಅಲ್ಲಿಯೂ ಕೇಳಿದ್ದು ಸಿಕ್ಕರೆ ಪುಣ್ಯ. ಹಾಗಾಗಿ ರಟ್ಟಿನಲ್ಲಿ ತಾನೇ ಕತ್ತರಿಸಲು ಕೂತಿದ್ದ. ಪಾನಾ ಹಿಡಿದರೆ ಅವನ ಕೈ ಒಳ್ಳೆ ಹದದ್ದು, ಕತ್ತರಿ ಹಿಡಿದರೆ ಮಾತ್ರ ಎಮ್ಮೆ ಕಾಲು. ಸೊಟ್ಟಂಬಟ್ಟ ಕತ್ತರಿಸಿ ರಾಶಿ ಹಾಕಿದ್ದ. ಅವಳು ಕೈ ಚಾಚಿ, "ಇಲ್ಲಿ ಕೊಡ್ರಿ," ಎಂದಳು.

ಅಷ್ಟೇ. ಅಂದಿನಿಂದ ಆ ಕೆಲಸ ಪರದೆಯ ಈಚೆ ಬಂತು. ಕವರಿನ ಅಂಚಿಗೆ ತೆಳ್ಳಗೆ ಎಣ್ಣೆ ಸವರಿ ರಟ್ಟಿನ ಮೇಲೆ ಒತ್ತುತ್ತಿದ್ದಳು. ಅಂಚಿನ ಗುರುತು ಪೂರಾ ಮೂಡುತ್ತಿತ್ತು. ಗುರುತಿನ ಮೇಲೆ ಹೊರಗಿನ ಸುತ್ತು ಕತ್ತರಿಸಿ, ಒಳಗಿನ ಸುತ್ತಿಗೆ ಬಂದಾಗ ರೂಢಿಯಂತೆ ತುಸು ಬಿಟ್ಟು ಕತ್ತರಿಸುತ್ತಿದ್ದಳು. ಬೋಲ್ಟಿನ ತೂತುಗಳಿಗೆ ಮುರಿದ ಛತ್ರಿಯ ಕೊಳವೆಯನ್ನು ಅರದಲ್ಲಿ ಚೂಪು ಮಾಡಿಕೊಂಡಿದ್ದಳು, ಒಂದು ಏಟಿಗೆ ದುಂಡನೆಯ ತೂತು. ಸೀರೆಯ ಪೆಟ್ಟಿಗೆಯ ರಟ್ಟು ಅವಳಿಗೆ ಅಚ್ಚುಮೆಚ್ಚು. ಲಗ್ನಪತ್ರಿಕೆಯ ಕಾಗದ ತೋರಿಕೆಗೆ ದಪ್ಪ, ಬಿಸಿ ತಾಗಿದರೆ ಹಪ್ಪಳ ಎನ್ನುತ್ತಿದ್ದಳು.

ಎಣ್ಣೆ ಸೋರುವುದು ನಿಂತಿತು. "ಫಕ್ರುಸಾಬನ ಪ್ಯಾಕಿಂಗು" ಎಂದು ನವಲಗುಂದದ ತನಕ ಹೆಸರಾಯಿತು. ಗಿರಾಕಿಗಳು ಬೆನ್ನು ಚಪ್ಪರಿಸಿದರೆ ಅವನು ಮೀಸೆಯಲ್ಲಿ ನಗುತ್ತಿದ್ದ. ಒಂದು ದಿನವಾದರೂ, ತಮ್ಮಾ, ಇದು ನನ್ನ ಕೈಯದಲ್ಲ ಎನ್ನಬೇಕೋ ಬೇಡವೋ? ಇಲ್ಲ! ರಾಜಮಾಬಿಗೆ ಬೇಕಾಗಿದ್ದುದು ಅದೊಂದೇ ಮಾತು. ಆ ಕಟ್ಟೆಯ ಮೇಲೆ, ನಾಲ್ಕು ಮಂದಿ ಕೇಳುವಂತೆ, ಅವನ ಬಾಯಿಂದ. ಒಮ್ಮೆ ಬಾಯಿಬಿಟ್ಟು ಕೇಳಿಯೂ ಕೇಳಿದಳು. "ಎಂಜಿನ್ನಿನ ಕೆಲಸ ಹೆಂಗಸು ಮಾಡ್ತಾಳಂದ್ರ ಮಂದಿ ನಗೂದಿಲ್ಲೇನು? ಗಿರಾಕಿ ಓಡಿಹೋಗ್ತಾರ," ಎಂದ. ಅವಳು ಕತ್ತರಿಯನ್ನು ದಡಕ್ಕನೆ ಕೆಳಗಿಟ್ಟಳು. ಆದರೂ ಕತ್ತರಿಸುವುದನ್ನು ಬಿಡಲಿಲ್ಲ, ಆ ಕೆಲಸ ಅವಳಿಗೆ ಹಿಡಿಸಿತ್ತು.

ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅಮೋಘಸಿದ್ದಪ್ಪನ ಬುಲೆಟ್ಟು ಬಂತು. ಅಮೋಘಸಿದ್ದಪ್ಪ ಕುರಿ ವ್ಯಾಪಾರದವನು. ಬಿಳಿ ಧೋತರ, ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ, ಕೆಳಗೆ ಬುಲೆಟ್ಟು. ಸಂತೆಯಿಂದ ಸಂತೆಗೆ ಅದರ ಮೇಲೇ ಓಡಾಟ. ಬಲಗಡೆಯ ಕವರು ಬಿಚ್ಚಿದಾಗ ಹಳೆಯ ಪ್ಯಾಕಿಂಗು ಚೂರುಚೂರಾಗಿ ಬಂತು, ನೋಡಿ ಕತ್ತರಿಸಲು ಮಾದರಿ ಉಳಿಯಲಿಲ್ಲ. ಫಕ್ರುಸಾಬ ಕವರನ್ನು ಪರದೆಯ ಒಳಗೆ ದೂಡಿ, "ಲಗೂನ ಆಗಲಿ," ಎಂದ. ರಾಜಮಾಬಿ ಬುಲೆಟ್ಟಿನ ಕವರನ್ನು ಅದೇ ಮೊದಲು ಮುಟ್ಟಿದ್ದು. ಎಣ್ಣೆ ಸವರಿ ಒತ್ತಿದಳು, ಕತ್ತರಿಸಿದಳು, ಒಳಗೆ ತುಸು ಬಿಟ್ಟಳು. ಕವರಿನ ಒಳ ಅಂಚಿಗೆ ಜೋಳದ ಕಾಳಿನಷ್ಟು ಸಣ್ಣದೊಂದು ತೂತು ಇತ್ತು. ಅದು ಬೋಲ್ಟಿನದಲ್ಲ ಎಂದು ಅವಳಿಗೆ ಗೊತ್ತಾಯಿತು, ಯಾವುದರದೆಂದು ಗೊತ್ತಾಗಲಿಲ್ಲ. ಎರಕದಲ್ಲಿ ಉಳಿದ ಗುಳಿ ಇರಬೇಕೆಂದು ಬಿಟ್ಟಳು. ಕೇಳಬೇಕಿತ್ತು, ಕೇಳಲಿಲ್ಲ. ಫಕ್ರುಸಾಬನೂ ಪ್ಯಾಕಿಂಗನ್ನು ತಿರುಗಿಸಿ ನೋಡದೆ ಕೂರಿಸಿದ. ಅವಳ ಕೈಯಿಂದ ಬಂದದ್ದನ್ನು ತಿರುಗಿಸಿ ನೋಡುವ ರೂಢಿ ಅವನಿಗೆ ತಪ್ಪಿ ವರ್ಷಗಳೇ ಆಗಿದ್ದವು.

ಆ ಸಣ್ಣ ತೂತು ಎಣ್ಣೆ ಹಾಯುವ ದಾರಿ. ರಾಜದೂತು, ಯೆಜ್ದಿಗಳಲ್ಲಿ ಒಳಗೆ ಬಿಟ್ಟ ರಟ್ಟು ಯಾರಿಗೂ ಅಡ್ಡ ಬಂದಿರಲಿಲ್ಲ. ಬುಲೆಟ್ಟಿನಲ್ಲಿ ಅದು ಸರಿಯಾಗಿ ಆ ದಾರಿಯ ಮೇಲೆ ಕೂತಿತು. ನವಲಗುಂದದ ಸಂತೆಯ ದಾರಿಯಲ್ಲಿ, ಒಂದು ಮರದ ನೆರಳೂ ಇಲ್ಲದ ಎರೆಹೊಲಗಳ ನಡುವೆ, ಎಣ್ಣೆ ಕಾಣದ ಎಂಜಿನ್ನು ಕಿರ್ರನೆ ಕಿರುಚಿ ಜಾಮಾಯಿತು.

ಬುಲೆಟ್ಟು ಎತ್ತಿನ ಗಾಡಿಯ ಮೇಲೆ ಮಲಗಿ ಅಣ್ಣಿಗೇರಿಗೆ ವಾಪಸು ಬಂತು. ಪೇಟೆಯ ಮಂದಿ ಅಂಗಡಿ ಬಿಟ್ಟು ಹಿಂದೆ ಬಂದರು. ಇಂಥ ತಮಾಷೆ ಯಾರು ಬಿಡುತ್ತಾರೆ? ಎಲ್ಲರ ಎದುರಿಗೇ ಫಕ್ರುಸಾಬ ಕವರು ಬಿಚ್ಚಿದ. ಪ್ಯಾಕಿಂಗು ಚೂರೂ ಹರಿಯದೆ ಇಡಿಯಾಗಿ ಬಂತು, ತೂತು ಇರಬೇಕಾದ ಕಡೆ ದುಂಡನೆಯ ಒತ್ತು ಮೂಡಿತ್ತು. ನೋಡಿದ ಕೂಡಲೇ ಅವನಿಗೆ ತಿಳಿಯಿತು. ಅಮೋಘಸಿದ್ದಪ್ಪನಿಗೂ ತಿಳಿಯಿತು.

"ಯಾವ ಹುಚ್ಚಪ್ಯಾಲಿ ಕತ್ತರಿಸ್ಯಾನಲೇ ಇದನ್ನ?"

ಫಕ್ರುಸಾಬ ಪ್ಯಾಕಿಂಗು ಕೆಳಗಿಟ್ಟ. ಸುತ್ತ ಒಮ್ಮೆ ನೋಡಿದ. ಆಮೇಲೆ ಪರದೆಯ ಕಡೆ ಕೈ ತೋರಿಸಿದ.

"ನಾ ಅಲ್ರೀ ಯಣ್ಣಾ. ನನ್ನ ಹೇಣ್ತಿ ಕತ್ತರಿಸ್ಯಾಳ. ಎಲ್ಲಾ ಪ್ಯಾಕಿಂಗು ಅಕೀನ ಕತ್ತರಸ್ತಾಳ್ರಿ."

ಮಂದಿ ಹೋ ಎಂದು ನಕ್ಕರು. "ಕುಬಸ ಹೊಲಿಯೂ ಕೈಯಾಗ ಎಂಜಿನ್ ಕೊಟ್ಟಿಯೇನೋ, ಅಬಾಬಾ!" ಎಂದು ಯಾರೋ ಕೂಗಿದರು.

ಪರದೆಯ ಈಚೆ ರಾಜಮಾಬಿಯ ಕೈ ಯಂತ್ರದ ಚಕ್ರದ ಮೇಲೇ ನಿಂತಿತು. ಆ ಮಾತಿಗಾಗಿ ಎಷ್ಟು ವರ್ಷ ಕಾದಿದ್ದಳು! ಬಂತಲ್ಲ, ಬಂದದ್ದು ಈ ಹೊತ್ತಿಗೆ, ಈ ಬಾಯಿಯಲ್ಲಿ. ಅವಮಾನದಿಂದ ಕಣ್ಣು ತುಂಬಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೆಯೇ. ಮಾತು ಕಿವಿಗೆ ಬಿದ್ದ ಕ್ಷಣ ಒಳಗೆಲ್ಲೋ ತುಸು ಹಿಗ್ಗಿದ್ದು ಅವಳಿಗೆ ಗೊತ್ತಾಗಿತ್ತು.

ಸಂಜೆ ಅವನು ಒಳಗೆ ಬಂದಾಗ ಅವಳು ತಪ್ಪನ್ನು ಅಲ್ಲಗಳೆಯಲಿಲ್ಲ. "ತಪ್ಪು ನಂದ ಐತಿ. ನಾಳಿಯಿಂದ ನಿಮ್ಮ ಪ್ಯಾಕಿಂಗು ನೀವ ಕತ್ತರಿಸ್ಕೋರಿ," ಎಂದಳು. ಮನೆಯೊಳಗೆ ಅವರದು ಉರ್ದು ಮಾತು. ಅವತ್ತು ಅವಳು ಕಟ್ಟೆಯ ಕನ್ನಡದಲ್ಲೇ ಹೇಳಿದಳು.

ಬುಲೆಟ್ಟಿನ ಎಂಜಿನ್ನು ರಿಪೇರಿಗೆ ಹುಬ್ಬಳ್ಳಿಗೆ ಹೋಯಿತು. ಫಕ್ರುಸಾಬ ಕತ್ತರಿ ಹಿಡಿದ. ಅಯ್ಯೋ, ಅದನ್ನೇನು ಹೇಳುವುದು! ರಾಜದೂತುಗಳು ಕೆಟ್ಟ ನೆಗಡಿ ಹತ್ತಿದಂತೆ ಸೋರತೊಡಗಿದವು. ಶಾಲೆಯ ಮಾಸ್ತರರ ಪ್ಯಾಂಟಿಗೆ ಕಲೆ, ಪೋಸ್ಟಮನ್ನನ ಚೀಲಕ್ಕೆ ಕಲೆ. ಕಟ್ಟೆಯ ಕೆಳಗಿನ ಮಣ್ಣು ಕಪ್ಪಾಯಿತು. ಮೊದಲಾಗಿದ್ದರೆ ಅವನು ರಟ್ಟಿನ ಮೇಲೋ ನಸೀಬಿನ ಮೇಲೋ ಹಾಕಿ ಜಾರಿಕೊಳ್ಳಬಹುದಿತ್ತು. ಈಗ ಎಲ್ಲಿ? ಎಲ್ಲ ಪ್ಯಾಕಿಂಗು ಅವಳದೇ ಎಂದು ತನ್ನ ಬಾಯಿಂದ ತಾನೇ ಊರಿಗೆ ಸಾರಿದ್ದನಲ್ಲ! ನಗುವಾಗ ಯಾರೂ ಆ ಮಾತಿನ ಬಗ್ಗೆ ಯೋಚಿಸಿರಲಿಲ್ಲ, ಸೋರುವಾಗ ಯೋಚಿಸಿದರು. ಹತ್ತು ವರ್ಷ ಸೋರದಿದ್ದುದೂ ಅವಳ ಕೈಯಿಂದಲೇ ಎಂಬ ಲೆಕ್ಕ ಒಬ್ಬೊಬ್ಬರಿಗೇ ಹತ್ತಿತು. "ಬೀಬಿ ಕಡಿಂದ ಮಾಡಸ್ಲೇ ಫಕ್ರು," ಎನ್ನತೊಡಗಿದರು. ಅವನು ಕಿವಿ ಕೇಳದವನಂತೆ ಪಾನಾ ತಿರುವುತ್ತಿದ್ದ. ರಾಜಮಾಬಿ ಒಳಗೆ ಎಲ್ಲ ಕೇಳಿಸಿಕೊಂಡು ಕುಬಸ ಹೊಲಿಯುತ್ತಿದ್ದಳು. ಮಂದಿ ಹೇಳಿದರೆ ಅವಳಿಗೆ ಸಾಲದು.

ಮಳೆಗಾಲ ಶುರುವಾದ ಮೇಲೆ ಅಮೋಘಸಿದ್ದಪ್ಪ ಮತ್ತೆ ಬಂದ. ಎಂಜಿನ್ನು ಚೆನ್ನಾಗಿ ಓಡುತ್ತಿತ್ತು. ಆದರೆ ಹುಬ್ಬಳ್ಳಿಯಿಂದ ಬಂದ ಎಂಜಿನ್ನನ್ನು ಕೂರಿಸುವಾಗ ಫಕ್ರುಸಾಬ ಕತ್ತರಿಸಿ ಹಾಕಿದ ಪ್ಯಾಕಿಂಗಿನಿಂದ ಎಣ್ಣೆ ಇಳಿದು ಬಿಳಿ ಧೋತರ ಒಂದು ಕಡೆ ಪೂರಾ ಕರ್ರಗಾಗಿತ್ತು. ಬಂದವನು ಗಾಡಿ ನಿಲ್ಲಿಸಿ, ಫಕ್ರುಸಾಬನನ್ನು ದಾಟಿ, ಪರದೆಯ ಮುಂದೆ ನಿಂತ.

"ಯವ್ವಾ ತಂಗೀ, ಆದದ್ದು ಆಗಿಹೋತು. ನೀನ ಒಂದು ಕತ್ತರಿಸಿ ಕೊಡು."

ಒಳಗಿನಿಂದ ಉತ್ತರ ಬಂತು. "ನನ್ನನ್ನ ಯಾಕ ಕೇಳ್ತೀರಿ ಯಣ್ಣಾ? ಗ್ಯಾರೇಜಿನ ಯಜಮಾನ್ರು ಹೊರಗ ಅದಾರ. ಅವ್ರನ್ನ ಕೇಳ್ರಿ."

ಅಮೋಘಸಿದ್ದಪ್ಪ ತಿರುಗಿ ನೋಡಿದ. ಗಾಡಿ ತಂದು ಕಾದು ಕೂತಿದ್ದ ಶಾಲೆಯ ಮಾಸ್ತರರು ನೋಡಿದರು. ಬೀಡಿ ಸೇದುತ್ತಿದ್ದವರೂ ನೋಡಿದರು. ಫಕ್ರುಸಾಬ ಅರಿವೆಯಿಂದ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. ತಾನು ಕತ್ತರಿಸಿದ ಪ್ಯಾಕಿಂಗು ಕವರಿನ ಅಂಚಿನಲ್ಲಿ ಎಣ್ಣೆ ಕಾರುತ್ತಿದ್ದುದು ಅವನಿಗೆ ಕಾಣಿಸುತ್ತಿತ್ತು.

"ನನಗ ಬರೂದಿಲ್ರೀ," ಎಂದ. ದನಿ ಏಳಲಿಲ್ಲ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದ. "ನನಗ ಬರೂದಿಲ್ಲ. ಮೊದಲಿಂದಲೂ ಬರ್ತಿದ್ದಿಲ್ಲ. ಅಕಿಗೆ ಬರ್ತದ."

ಯಾರೂ ನಗಲಿಲ್ಲ. ಪರದೆ ಸರಿಯಿತು. ರಾಜಮಾಬಿ ಸೆರಗನ್ನು ತಲೆ ತುಂಬ ಹೊದ್ದು ಕಟ್ಟೆಗೆ ಬಂದು ಬುಲೆಟ್ಟಿನ ಪಕ್ಕ ಕೂತಳು. ಕವರು ಬಿಚ್ಚಿಸಿದಳು. ಸಣ್ಣ ತೂತಿನ ಮೇಲೆ ಬೆರಳಿಟ್ಟು ಅದರ ಕೆಲಸವೇನೆಂದು ಎಲ್ಲರೆದುರು ಗಂಡನನ್ನು ಕೇಳಿದಳು. ಎಣ್ಣೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಅವನು ತೋರಿಸಿದ. ಅವಳು ತಲೆಯಾಡಿಸಿದಳು.

"ಹಂಗಾದ್ರ ಒಳಗ ತುಸುನೂ ರಟ್ಟು ಬಿಡಬಾರದು," ಎಂದಳು. ಆಮೇಲೆ ಏಳದೆಯೇ ಹೇಳಿದಳು. "ಕತ್ರಿ ಮಷೀನಿನ ಮ್ಯಾಲದ. ತಗೊಂಡ ಬರ್ರಿ."

ಫಕ್ರುಸಾಬ ಎದ್ದು ಒಳಗೆ ಹೋದ.