ಟೇಪು ಕೀರಲಿಟ್ಟಾಗ

ಓಡುತ್ತಿದ್ದ ಟೇಪಿನ ಕೆಳಗೆ ಕಂದು ಪುಡಿ ಕಾಣಿಸಿದಾಗ ಅತ್ತಿಗೆ ಸ್ಟಾಪ್ ಗುಂಡಿಯ ಮೇಲೆ ಬೆರಳಿಟ್ಟರು. ಒತ್ತಲಿಲ್ಲ.

ಸ್ಟುಡಿಯೊದಲ್ಲಿ ಎಲ್ಲರಿಗೂ ಅವರು ಅತ್ತಿಗೆಯೇ. ಮಾಲೀಕ ಅವರ ಮೈದುನ. ಅವನು ಕರೆದಂತೆ ಉಳಿದವರೂ ಕರೆದರು. ಹಳೆಯ ಆರ್ಕೆಸ್ಟ್ರಾ ಧ್ವನಿಮುದ್ರಣಗಳ ಗೊರಗೊರ, ಚಟಪಟ ತೆಗೆದು ವಾದ್ಯಗಳನ್ನು ತಿಳಿಯಾಗಿ ಕೇಳಿಸುವಂತೆ ಮಾಡುವುದು ಅವರ ಕೆಲಸ.

ಈ ಟೇಪಿಗೆ ಇನ್ನೊಂದು ಪ್ರತಿಯಿಲ್ಲ. ಅದರಲ್ಲಿ ಫ್ಲೂಟ್ ನುಡಿಸಿದ ಹಿರಿಯರು ಹಿಂದಿನ ಸೋಫಾದಲ್ಲಿ ಕುಳಿತಿದ್ದರು. ಪಾರ್ಶ್ವವಾಯು ಹೊಡೆದು ತುಟಿ ಓರೆಯಾದ ಮೇಲೆ ಅವರು ಫ್ಲೂಟ್ ಮುಟ್ಟಿಲ್ಲ. ಅವರ ನುಡಿಸಾಣಿಕೆ ಉಳಿದಿರುವುದು ಈ ಸುರುಳಿಯೊಂದರಲ್ಲೇ.

ಇಂಥ ಟೇಪಿನಲ್ಲಿ ದನಿ ಹಿಡಿದಿಟ್ಟಿರುವ ಕಂದು ಲೇಪ ವರ್ಷಗಳಲ್ಲಿ ತೇವ ಹೀರಿ ಜಿಗುಟಾಗುತ್ತದೆ. ಹಣ್ಣು ಒಣಗಿಸುವ ಯಂತ್ರದಲ್ಲಿ ಸಣ್ಣ ಶಾಖಕ್ಕೆ ಇಡೀ ದಿನ ಇಟ್ಟರೆ ಮತ್ತೆ ಓಡುತ್ತದೆ. ಆದರೆ ಮಧ್ಯಾಹ್ನವೇ ಕೇಳಿಸುತ್ತೇನೆಂದು ಮೈದುನ ಹಿರಿಯರಿಗೆ ಮಾತು ಕೊಟ್ಟಿದ್ದ. ದಿನ ತುಂಬುವ ಮೊದಲೇ ಹೊರತೆಗೆಯಲು ಅತ್ತಿಗೆ ಒಪ್ಪಿಬಿಟ್ಟಿದ್ದರು.

ಈಗ ಟೇಪು ಕೀರಲಿಟ್ಟಿತು.

"ನಿಲ್ಲಿಸಬೇಡಿ ಅತ್ತಿಗೆ, ಇನ್ನೇನು ಮುಗೀತು," ಎಂದ ಮೈದುನ.

"ಮುಗಿಯೋ ಹೊತ್ತಿಗೆ ಲೇಪ ಎಲ್ಲಾ ಉದುರಿ ಬರೀ ಪ್ಲಾಸ್ಟಿಕ್ ಉಳಿಯುತ್ತೆ. ಆಮೇಲೆ ನಿನ್ನ ಅಂಗಡಿ ಬಾಗಿಲಿಗೆ ತೋರಣ ಕಟ್ಕೋ."

"ನಿಲ್ಲಿಸಿದ್ರೆ ಅಲ್ಲೇ ಅಂಟ್ಕೊಳ್ಳುತ್ತೆ ಅಂತ ನೀವೇ ಹೇಳಿದ್ದಲ್ವಾ?"

ಎರಡೂ ನಿಜವಾಗಿದ್ದವು.

ಹಿರಿಯರು ಮುಂದಕ್ಕೆ ಬಾಗಿದರು. "ಏನಮ್ಮಾ, ನನ್ನ ಸರದಿ ಬಂತಾ?"

"ಇಲ್ಲ ಸಾರ್. ವಯೊಲಿನ್‌ನವರದು ಮುಗೀಬೇಕು."

"ಅವರು ಯಾವತ್ತೂ ಬೇಗ ಮುಗಿಸಿದವರಲ್ಲ."

ವಯೊಲಿನ್ ದನಿ ಮುಚ್ಚಿದ ಬಾಗಿಲಿನ ಆಚೆಯಿಂದ ಬಂದಂತೆ ಮಂಕಾಗತೊಡಗಿತು. ಅತ್ತಿಗೆ ಗುಂಡಿ ಒತ್ತಿದರು.

ಟೇಪು ಪ್ಲೇಯರಿಗೆ ಅಂಟಿಕೊಂಡಿತ್ತು. ಸುರುಳಿಯನ್ನು ಕೈಯಲ್ಲೇ ಹಿಡಿದು, ಗಾಯದ ಪಟ್ಟಿ ಬಿಚ್ಚುವಂತೆ ಟೇಪನ್ನು ಕೂದಲೆಳೆಯಷ್ಟೇ ಎತ್ತುತ್ತಾ ಹೋದರು. ಕೊನೆಗೆ ಟೇಪು ಬಿಟ್ಟುಕೊಂಡಿತು. ಒಂದು ಕಡೆ ಅಕ್ಕಿಕಾಳಿನಷ್ಟು ಲೇಪ ಕಿತ್ತುಬಂದು, ಅಲ್ಲಿ ಬೆಳಕು ತೂರುತ್ತಿತ್ತು.

"ಹೋಗಿದ್ದು ವಯೊಲಿನ್ ಸಾರ್. ನಿಮ್ಮದು ಇನ್ನೂ ಒಳಗಿದೆ. ಅವಸರಕ್ಕೆ ಒಪ್ಪಿದ್ದು ನನ್ನದೇ ತಪ್ಪು."

"ಅವರು ಅಷ್ಟೊಂದು ಜನ ಇದ್ರು ಕಣಮ್ಮಾ, ಒಂದು ಚೂರು ಹೋದ್ರೆ ಗೊತ್ತಾಗಲ್ಲ. ನಾನು ಒಬ್ಬನೇ."

ಅತ್ತಿಗೆ ಸುರುಳಿಯನ್ನು ಮತ್ತೆ ಒಣಗಿಸುವ ಯಂತ್ರದಲ್ಲಿಟ್ಟರು. ಇಷ್ಟು ಉದುರಿದ ಟೇಪು ಎರಡನೇ ಸಲ ಕಾಯಿಸಿದ ಮೇಲೆ ಒಮ್ಮೆ ಮಾತ್ರ ಓಡಬಹುದು, ಓಡದೆಯೂ ಇರಬಹುದು ಎಂದು ಹಿರಿಯರಿಗೆ ಹೇಳಿಯೇ ಮುಚ್ಚಳ ಹಾಕಿದರು. ನಾಳೆ ಸಂಜೆ ಅದನ್ನು ಹೊರತೆಗೆಯುತ್ತಾರೆ.