ನೊಣ ಸಾಕುತ್ತಿದ್ದ ಮೇಡಂ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಸೆರಗಿಗೆ ಯಾವಾಗಲೂ ಹಾಲಿನಪುಡಿ ಮೆತ್ತಿರುತ್ತಿತ್ತು. ರಾಣೇಬೆನ್ನೂರಿನ ಕಾಲೇಜಿನಲ್ಲಿ ಅವರು ಸೊಳ್ಳೆಪರದೆ ಹೊಲಿದ ಪಂಜರಗಳಲ್ಲಿ ಮನೆನೊಣ ಸಾಕುತ್ತಿದ್ದರು; ಹಾಲಿನಪುಡಿ, ಸಕ್ಕರೆ ಅವುಗಳ ಊಟ. ಬ್ಯಾಡಗಿಯಿಂದ ದಿನಾ ಬಸ್ಸಿಗೆ ಬರುವವರು, ಸೀಟು ಖಾಲಿ ಇದ್ದರೂ ನಿಂತೇ ಬರುತ್ತಿದ್ದರು. ಪಾಠದ ನಡುವೆ ಕಿಟಕಿ ತೆಗೆಯುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಕುಳಿತುಕೊಳ್ಳಿ ಎಂದರೆ, "ಕುಂತರ ತಲಿ ಓಡೂದಿಲ್ಲವಾ ನನಗ" ಎನ್ನುತ್ತಿದ್ದರು.

ಹಲಗೇರಿಯಲ್ಲಿ ನಮ್ಮದೊಂದು ಕೋಳಿ ಶೆಡ್ಡು. ಅಲ್ಲಿನ ನೊಣ ಆ ವರ್ಷ ಊರಿನವರ ಊಟದ ತಾಟಿಗೂ ಮುತ್ತಿದವು. ಯುಗಾದಿಯೊಳಗೆ ಕಡಿಮೆಯಾಗದಿದ್ದರೆ ಶೆಡ್ಡಿಗೆ ಬೀಗ ಎಂದು ಹಿರಿಯರು ಹೇಳಿಹೋದರು. ಆ ಶೆಡ್ಡೇ ನಮ್ಮ ಅನ್ನ. ಅಪ್ಪ ಔಷಧ ಹೊಡೆದ. ಸಾಯಲಿಲ್ಲವೆಂದು ಹೆಚ್ಚು ಹೊಡೆದ. ಮೆಣಸಿನ ಗಿಡಕ್ಕೆ ತಂದಿದ್ದನ್ನೂ ಬೆರೆಸಿ ಹೊಡೆದ. ಕೋಳಿಗಳು ಸೊರಗಿದವು, ನೊಣ ಹಾಗೇ ಇದ್ದವು.

ಕಾಲೇಜಿನಲ್ಲಿ ನಾನಿದನ್ನು ಹೇಳಿದ್ದೇ ತಡ, ಆ ಭಾನುವಾರ ಮೇಡಂ ಒಂದು ಬಾಟಲಿಯಲ್ಲಿ ತಮ್ಮ ನೊಣ ಹಿಡಿದುಕೊಂಡು ಬಂದೇಬಿಟ್ಟರು. ಇನ್ನೊಂದರಲ್ಲಿ ಶೆಡ್ಡಿನವನ್ನು ತುಂಬಿ, ಎರಡಕ್ಕೂ ಒಂದೇ ಔಷಧದ ಹನಿ ಬಿಟ್ಟರು. ಎಂದೂ ಔಷಧ ಕಾಣದ ಕಾಲೇಜಿನ ನೊಣ ಬಿದ್ದವು ಮೇಲೇಳಲಿಲ್ಲ. ನಮ್ಮವು ಬಿದ್ದು ಒದ್ದಾಡಿ, ಸ್ವಲ್ಪ ಹೊತ್ತಿಗೆ ಎದ್ದು ಕಾಲು ಉಜ್ಜಿಕೊಳ್ಳತೊಡಗಿದವು.

"ಇವುಗಳ ಮೈಯಾಗ ಒಂದು ಕಿಣ್ವ ಐತ್ರಿ. ವಿಷ ನರಕ್ಕ ಮುಟ್ಟೂದ್ರಾಗ ಅದನ್ನ ಮುರದು ಹಾಕ್ತೈತಿ. ಅದು ಕಡಿಮಿ ಇದ್ದವು ಸತ್ತು, ಹೆಚ್ಚಿದ್ದವು ಉಳದು ಮರಿ ಮಾಡ್ಯಾವು. ನೀವು ಬೀಜಕ್ಕಂತ ಛಲೋ ಮೆಣಸಿನಕಾಯಿ ಆರಿಸಿ ಇಡ್ತೀರಲ್ಲ, ಹಂಗ ನಿಮ್ಮ ಔಷಧ ಗಟ್ಟಿ ನೊಣಾ ಆರಿಸಿ ಇಟ್ಟೈತಿ."

ಪ್ರತಿ ಸುಗ್ಗಿಯಲ್ಲಿ ಬೀಜದ ಕಾಯಿಯನ್ನು ಬೇರೆ ಯಾರಿಗೂ ಮುಟ್ಟಗೊಡದೆ ತಾನೇ ಆರಿಸುವವನು ಅಪ್ಪ. ಅವನಿಗೆ ಮುಂದೆ ಹೇಳಬೇಕಾಗಲಿಲ್ಲ. ಹೆಗಲ ಮೇಲಿನ ಪಂಪು ಇಳಿಸಿ, "ಹಂಗಾರ ಏನ್ ಮಾಡೂದ್ರಿ?" ಎಂದ.

"ಗೊಬ್ಬರ ಒಣಗಸ್ರಿ. ಹುಳಕ್ಕ ರೆಕ್ಕಿ ಬರೂದ್ರಾಗ ಹೊರಗ ಸಾಗಸ್ರಿ. ನೀರು ಸೋರೂದು ಮೊದಲ ನಿಲ್ಲಸ್ರಿ."

ಅಂದಿನಿಂದ ಪ್ರತಿ ಭಾನುವಾರ ಬಂದು, ಸೀರೆ ಎತ್ತಿಕಟ್ಟಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. "ಕಡಿಮಿ ಆಗ್ಯಾವನ್ರಿ?" ಎಂದು ಕೇಳುವರು. "ಹಂಗ ಅದಾವ್ರಿ" ಎಂದು ಅಪ್ಪ ಹೇಳುವನು. ಮೊದಮೊದಲು ಅದು ಖರೆಯೂ ಇತ್ತು.

ಅಷ್ಟರಲ್ಲಿ ಮೇಡಂಗೆ ಹೃದಯದ ಕಾಯಿಲೆ ಬಂತು. ಬ್ಯಾಡಗಿಯ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದರು. ನಿಂತಲ್ಲಿ ನಿಲ್ಲದವರನ್ನು ಡಾಕ್ಟರು ಮಲಗಿಸಿಬಿಟ್ಟರು. ಭಾನುವಾರ ಬಂದರೆ ಅಲ್ಲಿಂದಲೇ ನಮ್ಮ ಮನೆಗೆ ಫೋನು. ನಾನು ಆಗ ಓದಲು ಧಾರವಾಡ ಸೇರಿದ್ದೆ. ಇತ್ತ ನೊಣ ನಿಜಕ್ಕೂ ಇಳಿದಿದ್ದವು. ಯುಗಾದಿ ಬಂತು, ಹೋಯಿತು, ಬೀಗ ಹಿಡಿದು ಯಾರೂ ಬರಲಿಲ್ಲ. ಅಪ್ಪನ ಉತ್ತರ ಮಾತ್ರ ಬದಲಾಗಲಿಲ್ಲ: "ಹಂಗ ಅದಾವ್ರಿ."

ನಮ್ಮಲ್ಲಿ ಎಮ್ಮೆಯ ಹಾಲು ಕೇಳಿದರೂ, ಬೆಳೆ ಕೇಳಿದರೂ, ಮಕ್ಕಳ ಪಾಸು ಕೇಳಿದರೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ. ಅಪ್ಪನಿಗೆ ಶೆಡ್ಡಿನ ಭಯ, ಮೇಡಂ ಮೇಲೆ ಅಪನಂಬಿಕೆಯಲ್ಲ.

ಅವರು ತೀರಿಕೊಂಡ ದಿನ ನಾನೂ ಅಪ್ಪನೂ ಬ್ಯಾಡಗಿಗೆ ಹೋದೆವು. ನಾವು ಹಲಗೇರಿಯವರೆಂದು ತಿಳಿದ ಅವರ ಅಕ್ಕ ಕಣ್ಣೊರೆಸಿಕೊಂಡು ಕೇಳಿದರು. "ಶೆಡ್ಡು ಮುಚ್ಚಿಸಿದ್ರೇನ್ರಿ? ನನ್ನ ಮಾತು ಕೇಳಿ ಔಷಧ ಬಿಟ್ರು, ಅವರ ಅನ್ನಕ್ಕ ಕಲ್ಲು ಹಾಕಿದ್ನಲ್ಲಾ ಅಂತ ತಂಗಿ ನಿನ್ನಿತನಕಾ ಹೊಳ್ಳಾಡಿ ಹೊಳ್ಳಾಡಿ ನಿದ್ದಿ ಮಾಡಲಿಲ್ರಿ."

ನಾನು ಅಪ್ಪನ ಮುಖ ನೋಡಿದೆ. ಅವನು ನೆರೆದ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಮೇಡಂ ಕಾಲ ಬಳಿ ನೆಲಕ್ಕೆ ಕುಳಿತ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಕಡಿಮಿ ಆಗ್ಯಾವ್ರಿ ಮೇಡಂ. ಭಾಳ ಕಡಿಮಿ ಆಗ್ಯಾವ."